ಕಿವಿ ತೊಳೆಯುವ ಅಮಾವಾಸ್ಯೆ

ನನ್ನ ಕಿವಿ ಹಾಳಾಗಿರಲಿ ಎಂದು ನಾನು ಒಮ್ಮೆ ಮನಸಾರೆ ಬೇಡಿಕೊಂಡಿದ್ದೇನೆ. ಕಿವಿ ಪರೀಕ್ಷೆ ಮಾಡುವ ಕೋಣೆಯ ಹೊರಗೆ, ಕಬ್ಬಿಣದ ಬೆಂಚಿನ ಮೇಲೆ, ಬೆವರಿದ ಕೈಯಲ್ಲಿ ಟೋಕನ್ ಹಿಡಿದುಕೊಂಡು ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಮುಖ ನೋಡಿ, "ಏನೂ ಆಗಿರಲ್ಲ ಬಿಡಿ, ದೇವರಿದಾನೆ" ಎಂದು ಸಮಾಧಾನ ಹೇಳಿದರು. ಏನಾದರೂ ಆಗಿರಲಿ ಅಂತಲೇ ನಾನು ಕಾಯುತ್ತಿದ್ದೇನೆ ಎಂದು ಆ ತಾಯಿಗೆ ಹೇಗೆ ಹೇಳಲಿ? ಸುಮ್ಮನೆ ತಲೆಯಾಡಿಸಿದೆ. ಇದು ಅರ್ಥವಾಗಬೇಕಾದರೆ ನಮ್ಮ ಬೀದಿಯ ಸದ್ದಿನಿಂದಲೇ ಶುರು ಮಾಡಬೇಕು.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಬೀದಿ. ಮುಂದಿನ ಕೋಣೆಯಲ್ಲಿ ಮಗ್ಗಗಳು, ಹಿಂದಿನ ಕೋಣೆಯಲ್ಲಿ ಸಂಸಾರ. ಕರೆಂಟಿನ ಮಗ್ಗದಲ್ಲಿ ಲಾಳಿ ಅತ್ತಿಂದಿತ್ತ ಓಡಿ ಎರಡು ಕಡೆಯೂ ಬಡಿಯುತ್ತದೆ. ಆ ಬಡಿತ ಗೋಡೆಗೆ ಹತ್ತಿ, ಗೋಡೆಯಿಂದ ನಾವು ಮಲಗುವ ಚಾಪೆಗೆ ಇಳಿಯುತ್ತದೆ. ಬೇರೆ ಊರಿನ ನೆಂಟರು ಮೊದಲ ದಿನ ತಲೆ ಹಿಡಿದುಕೊಂಡು ಕೂರುತ್ತಾರೆ, ಎರಡನೆಯ ದಿನ ಏನೋ ಅರ್ಜೆಂಟ್ ಕೆಲಸ ನೆನಪಾಗಿ ಹೊರಟುಬಿಡುತ್ತಾರೆ. ನಾವು ತುಟಿ ನೋಡಿ ಮಾತು ತಿಳಿದುಕೊಳ್ಳುತ್ತೇವೆ. ಮದುವೆ ಮನೆಯಲ್ಲಿ ನಮ್ಮ ಬೀದಿಯವರು ಪಂಕ್ತಿಯಲ್ಲಿ ಕೂತು ಬಾಯಿ ತೆರೆದರೆ ಜಗಳ ಹತ್ತಿಕೊಂಡಿದೆ ಎಂದು ಅಡುಗೆಯವರು ಓಡಿ ಬರುತ್ತಾರೆ. ನಾವು ಇನ್ನೊಂದು ಸೌಟು ಪಾಯಸ ಕೇಳುತ್ತಿರುತ್ತೇವೆ, ಅಷ್ಟೆ. ನನ್ನ ಮದುವೆಯಾದದ್ದೂ ಅದೇ ಬೀದಿಯಲ್ಲಿ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ. ನಮ್ಮ ಬೀದಿಯಲ್ಲಿ ಹಾಗೆಂದರೆ ಪಕ್ಕದ ಮನೆ.

ಅಮಾವಾಸ್ಯೆಯ ದಿನ ಮಾತ್ರ ಈ ಸದ್ದು ನಿಲ್ಲುತ್ತಿತ್ತು. ಅವತ್ತು ಮಗ್ಗ ತೊಳೆದು, ಎಣ್ಣೆ ಬಿಟ್ಟು, ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ ಕೈ ಮುಗಿದರೆ ಮುಗಿಯಿತು. ಯಾರೂ ಸ್ವಿಚ್ಚು ಮುಟ್ಟುವುದಿಲ್ಲ. ಒಂದು ಸಲ ಸೀರೆ ಅಂಗಡಿಯ ಸಾಹುಕಾರರೇ ಕಾರಿನಲ್ಲಿ ಬಂದು, ಮದುವೆಯ ಆರ್ಡರು, ಮುಹೂರ್ತ ಹತ್ತಿರದಲ್ಲಿದೆ, ಒಂದು ದಿನದ ಮಟ್ಟಿಗೆ ನಡೆಸಿಕೊಡಿ ಎಂದು ಅಂಗಲಾಚಿದ್ದರು. ಅಪ್ಪ ಅವರಿಗೆ ಕಾಫಿ ಕೊಡಿಸಿ, "ಅದೂ ಉಸಿರಾಡ್ಬೇಕಲ್ವ ಸ್ವಾಮಿ" ಎಂದು ಕಳಿಸಿದ. ಆಮೇಲೆ ಆ ಸಾಹುಕಾರರು ನಮಗೆ ಕೆಲಸ ಕೊಡಲಿಲ್ಲ. ಅಪ್ಪನಿಗೆ ಅದರ ಬೇಜಾರೂ ಇರಲಿಲ್ಲ. ಯಾಕೆಂದರೆ ಅಮಾವಾಸ್ಯೆಯ ದಿನ ಅವನಿಗೆ ಬೇರೆ ಕೆಲಸವಿತ್ತು.

"ಬಾರಮ್ಮಾ, ಕಿವಿ ತೊಳ್ಕೊಂಡು ಬರಾಣ" ಎನ್ನುತ್ತಿದ್ದ. ಮೊದಲು ಸೈಕಲ್ಲಿನ ಹಿಂದೆ, ಆಮೇಲೆ ಮೊಪೆಡ್ಡಿನ ಹಿಂದೆ ನನ್ನನ್ನು ಕೂರಿಸಿಕೊಂಡು ದೇವನಹಳ್ಳಿ ಕಡೆಯ ಬಯಲಿಗೆ ಹೊರಡುತ್ತಿದ್ದ. ಅದು ಹಳೆಯ ಗೋಮಾಳ. ಪಾದ ಮುಚ್ಚುವಷ್ಟು ಹುಲ್ಲು, ನಡುವೆ ಕಲ್ಲು, ಅಲ್ಲಲ್ಲಿ ಒಂದು ಜಾಲಿ ಪೊದೆ, ಕುರಿ ಮಂದೆ. ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುತ್ತಿತ್ತು. ನೋಡಲಿಕ್ಕೆ ಏನೂ ಇಲ್ಲದ ಜಾಗ. ನಮ್ಮ ಅಮ್ಮ ಒಮ್ಮೆ ಬಂದವಳು, "ಇದಕ್ಕಾ ಇಷ್ಟು ಪೆಟ್ರೋಲು ಸುಡೋದು" ಎಂದು ತಿರುಗಿ ಬರಲೇ ಇಲ್ಲ.

ನಾವು ಅಲ್ಲಿಗೆ ಹೋಗುತ್ತಿದ್ದುದು ಒಂದು ಹಕ್ಕಿಗಾಗಿ. ಅಪ್ಪ ಅದನ್ನು ನೆಲಗುಬ್ಬಿ ಎನ್ನುತ್ತಿದ್ದ. ಮಣ್ಣಿನದೇ ಬಣ್ಣ, ನೆಲದ ಮೇಲೆ ಕೂತರೆ ಕಾಲಡಿ ಇದ್ದರೂ ಗೊತ್ತಾಗದು. ಇದ್ದಕ್ಕಿದ್ದಂತೆ ಎದ್ದು ನೆಟ್ಟಗೆ ಆಕಾಶಕ್ಕೆ ಏರುತ್ತದೆ, ಏರುತ್ತಲೇ ಕೂಗಲು ಶುರು ಮಾಡುತ್ತದೆ. ಸಣ್ಣ ದನಿ, ಸೂಜಿಯ ಮೊನೆಯಷ್ಟು ಸಣ್ಣ, ಆದರೆ ನಿಲ್ಲುವುದೇ ಇಲ್ಲ. ಮೇಲೆ ಒಂದೇ ಕಡೆ ನಿಂತು, ರೆಕ್ಕೆ ಬಡಿಯುತ್ತಾ, ಅದು ಹಾಡುತ್ತಲೇ ಇರುತ್ತದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಎಷ್ಟು ಹುಡುಕಿದರೂ ಕಾಣುವುದಿಲ್ಲ. "ಮೊದ್ಲು ಕಿವಿ, ಆಮ್ಯಾಕೆ ಕಣ್ಣು" ಎಂದು ಅಪ್ಪ ಹೇಳಿಕೊಡುತ್ತಿದ್ದ. ಸದ್ದು ಎಲ್ಲಿಂದ ಎಂದು ಕಿವಿ ಹೇಳಿದ ಮೇಲೆಯೇ ಅಲ್ಲೊಂದು ಚುಕ್ಕೆ ಕಾಣುವುದು. ಯುಗಾದಿ ಅಮಾವಾಸ್ಯೆಯಿಂದ ಭೀಮನ ಅಮಾವಾಸ್ಯೆಯವರೆಗೆ ಅದು ಜೋರು. ಆಮೇಲೆ ಕಡಿಮೆ. ತಿಂಗಳೆಲ್ಲಾ ಲಾಳಿ ಬಡಿದ ಕಿವಿಗೆ ಆ ದನಿ ಬಿದ್ದರೆ ನನಗೂ ನಿಜವಾಗಿ ತೊಳೆದಂತೆ ಆಗುತ್ತಿತ್ತು. ಇದನ್ನು ಹೇಳಿದರೆ ನನ್ನ ಗಂಡ ಇವತ್ತಿಗೂ ನಗುತ್ತಾನೆ.

ಅಮ್ಮನಿಗೆ ಹಕ್ಕಿಯ ಗೊಡವೆ ಇರಲಿಲ್ಲ, ನನ್ನ ಕಿವಿಯ ಗೊಡವೆ ಇತ್ತು. ನಾನು ಅಂಬೆಗಾಲಿಡುವಾಗಿನಿಂದ ಮಗ್ಗದ ಕೋಣೆಗೆ ಹೋಗುವ ಮುಂಚೆ ಎರಡೂ ಕಿವಿಗೆ ಹತ್ತಿ ತುರುಕುತ್ತಿದ್ದಳು. ಹತ್ತಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಬೇರೆ. "ಹೆಣ್ಣು ಮಗು. ನೋಡೋಕೆ ಬಂದೋರು ಮಾತಾಡ್ಸಿದ್ರೆ ಆಂ ಆಂ ಅನ್ನೋ ಹಂಗಾದ್ರೆ ಯಾವನು ಮಾಡ್ಕೊಂತಾನೆ?" ಎನ್ನುವುದು ಅವಳ ಲೆಕ್ಕಾಚಾರ. ಬೀದಿಯ ಬೇರೆ ಹುಡುಗಿಯರೆಲ್ಲಾ ನನ್ನನ್ನು ಹತ್ತಿ ಹತ್ತಿ ಎಂದು ರೇಗಿಸುತ್ತಿದ್ದರು. ಕಿವಿ ಕಡಿಯುತ್ತಿತ್ತು, ಸಿಟ್ಟು ಬರುತ್ತಿತ್ತು. ಆದರೂ ಅಭ್ಯಾಸವಾಗಿಬಿಟ್ಟಿತು. ಮದುವೆಯಾಗಿ, ಮಗ್ಗ ಬಿಟ್ಟು ಸೀರೆಗೆ ಕುಚ್ಚು ಕಟ್ಟುವ ಕೆಲಸ ಹಿಡಿದ ಮೇಲೂ, ಅಮ್ಮ ಹೋದ ಮೇಲೂ, ಮಗ್ಗದ ಕೋಣೆಯ ಗೂಡಿನಲ್ಲಿದ್ದ ಅವಳ ಹತ್ತಿ ಡಬ್ಬಿಗೆ ನನ್ನ ಕೈ ತಾನಾಗಿ ಹೋಗುತ್ತಿತ್ತು.

ಅಪ್ಪ ಯಾವತ್ತೂ ಹತ್ತಿ ಇಟ್ಟವನಲ್ಲ. ಲಾಳಿಯ ಸದ್ದಿನಲ್ಲೇ ನೂಲು ಕಡಿದದ್ದು ತಿಳಿಯಬೇಕು, ಹತ್ತಿ ಇಟ್ಟರೆ ಹೇಗೆ ಎನ್ನುತ್ತಿದ್ದ. ಅದಕ್ಕೆ ತಕ್ಕ ಹಾಗೆ ಆಯಿತು. ನೇಕಾರರಿಗೆಂದು ನಡೆದ ಆರೋಗ್ಯ ಶಿಬಿರದಲ್ಲಿ ಡಾಕ್ಟರು ಅವನ ಕಿವಿ ನೋಡಿ, ಸಣ್ಣ ದನಿಗಳೆಲ್ಲಾ ಹೋಗಿವೆ, ದಪ್ಪ ದನಿ ಮಾತ್ರ ಉಳಿದಿದೆ, ಮಗ್ಗದವರಿಗೆ ಹೋಗುವುದು ಹೀಗೆಯೇ ಎಂದರು. ಕಿವಿಗೆ ಹಾಕುವ ಮಿಷಿನ್ನು ಕೊಡಿಸಿದೆವು. ಮಗ್ಗದ ಹತ್ತಿರ ಅದು ತಲೆಗೆ ಸುತ್ತಿಗೆಯಲ್ಲಿ ಹೊಡೆದ ಹಾಗಾಗುತ್ತದೆ ಎಂದ. ಬಯಲಿಗೆ ಹಾಕಿಕೊಂಡು ಬಂದರೆ ಬರೀ ಗಾಳಿ ಉಜ್ಜುವ ಸದ್ದು. ಮಿಷಿನ್ನು ಬೀರು ಸೇರಿತು.

ಅಲ್ಲಿಂದ ನಾನೇ ಅಪ್ಪನ ಕಿವಿಯಾದೆ. ಬಯಲಿನ ನಡುವೆ ನಿಂತು ಅವನು ನನ್ನ ಮುಖ ನೋಡುತ್ತಿದ್ದ.

"ಕೂಗ್ತೈತೇನಮ್ಮಾ?"

"ಕೂಗ್ತೈತೆ ಅಪ್ಪಾ."

"ಎಲ್ಲಿ?"

"ಆ ಬಂಡೆ ನೆತ್ತಿ ಮ್ಯಾಲೆ."

ಆಗ ಅಪ್ಪ ಬಂಡೆಯ ಕಡೆ ತಿರುಗಿ, ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು ನಿಲ್ಲುತ್ತಿದ್ದ. ಅವನಿಗೆ ಏನೂ ಕೇಳುತ್ತಿರಲಿಲ್ಲ. ನನ್ನ ಮಾತನ್ನು ನಂಬಿ, ನೆನಪಿನಲ್ಲಿದ್ದುದನ್ನು ಕೇಳುತ್ತಿದ್ದ. ಅದನ್ನು ನೋಡುವಾಗ ನನಗೆ ಸಂಕಟವೂ ಆಗುತ್ತಿತ್ತು, ಖುಷಿಯೂ ಆಗುತ್ತಿತ್ತು. ಮೇಲೆ ವಿಮಾನ ಬಂದರೆ ಮಾತ್ರ ಅವನಿಗೆ ತಿಳಿಯುತ್ತಿತ್ತು. "ಈ ದರಿದ್ರದ್ದು ಮಾತ್ರ ಚೆನ್ನಾಗಿ ಕೇಳ್ಸುತ್ತೆ" ಎಂದು ಬೈಯುತ್ತಿದ್ದ.

ವಿಮಾನಗಳ ಹಿಂದೆಯೇ ಲೇಔಟುಗಳು ಬಂದವು. ಒಂದು ಅಮಾವಾಸ್ಯೆ ಹೋಗಿ ನೋಡಿದರೆ ಬಯಲಿನ ಅಂಚಿನಲ್ಲಿ ಕೆಂಪು ಬಟ್ಟೆ ಕಟ್ಟಿದ ಗೂಟಗಳು. ಅಪ್ಪ ಒಂದು ಗೂಟ ಕಿತ್ತು ಕೈಯಲ್ಲಿ ಹಿಡಿದು ಮನೆಗೆ ಬಂದ. ಅವತ್ತಿನಿಂದ ಅವನು ಮಗ್ಗಕ್ಕಿಂತ ಹೆಚ್ಚು ಕಚೇರಿಗಳಲ್ಲಿ ಇದ್ದ. ಕುರಿ ಕಾಯುವವರು, ಪಂಚಾಯಿತಿಯ ಕೆಲವರು, ನಮ್ಮ ಬೀದಿಯ ಒಂದಷ್ಟು ಜನ ಜೊತೆಗೂಡಿದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಒಬ್ಬ ಮೇಡಂ ಆ ಬಯಲಿನಲ್ಲಿ ಯಾವ ಯಾವ ಹಕ್ಕಿ ಇವೆ ಎಂದು ಬರೆದು ಮೇಲಿನವರಿಗೆ ಕೊಟ್ಟರು. ಅಧಿಕಾರಿಗಳ ಮುಂದೆ ಅಪ್ಪ ಕೂಗಿ ಕೂಗಿ ಮಾತಾಡುತ್ತಿದ್ದ. ಅವನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ ಎಂದು ತಿಳಿಯದ ಅವರು, ಮುದುಕ ಬಹಳ ಸಿಟ್ಟಿನವನು ಎಂದುಕೊಂಡರು. ಅದರಿಂದ ಲಾಭವೇ ಆಯಿತೇನೋ. ಕಡೆಗೂ ಬಯಲು ಉಳಿಯಿತು. ಸುತ್ತ ಬೇಲಿ ಬಿತ್ತು, ಗೇಟು ಬಂತು, ರಕ್ಷಿತ ಪ್ರದೇಶ ಎಂದು ಹಸಿರು ಬೋರ್ಡು ನಿಂತಿತು. ಅಪ್ಪ ಬೀದಿಗೆಲ್ಲಾ ಮೈಸೂರು ಪಾಕ್ ಹಂಚಿದ. ಅಷ್ಟು ಸಂತೋಷವಾಗಿ ನಾನು ಅವನನ್ನು ನೋಡಿದ್ದು ಅದೇ ಕೊನೆ.

ಬೇಲಿ ಬಿದ್ದ ಮೇಲೆ ಶಾಲೆಯ ಅಂಗಳದಲ್ಲಿ ಒಂದು ಸಭೆ ಸೇರಿತು. ಬೆಂಗಳೂರಿನ ಯಾವುದೋ ಕಂಪನಿಯವರು ಬಯಲಿಗೆ ಸಸಿ ಕೊಡಲು ಮುಂದೆ ಬಂದಿದ್ದರು. ಹೊಂಗೆ, ಬೇವು, ನೇರಳೆ, ಸಿಲ್ವರ್ ಓಕ್. ಕುರಿಗಳನ್ನು ಇನ್ನು ಒಳಗೆ ಬಿಡುವುದಿಲ್ಲ, ಸಸಿ ತಿಂದುಬಿಡುತ್ತವೆ ಎಂದೂ ತೀರ್ಮಾನವಾಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಕಾಲೇಜಿನ ಮೇಡಂ ಎದ್ದು ನಿಂತರು.

"ದಯವಿಟ್ಟು ಇಲ್ಲಿ ಗಿಡ ನೆಡಬೇಡಿ" ಎಂದರು. "ಇದು ಬೋಳು ಜಾಗ ಅಲ್ಲ, ಹುಲ್ಲುಗಾವಲು. ಈ ಹಕ್ಕಿಗಳು ನೆಲದ ಮೇಲೆ ಗೂಡು ಮಾಡುತ್ತವೆ. ಮರ ಬಂದರೆ ಕಾಗೆ ಬಂದು ಕೂರುತ್ತೆ, ಮೊಟ್ಟೆ ಉಳಿಯಲ್ಲ. ಕುರಿ ಪೂರ್ತಿ ನಿಂತರೆ ಹುಲ್ಲು ಆಳೆತ್ತರ ಆಗುತ್ತೆ, ಅದರಲ್ಲಿ ಈ ಹಕ್ಕಿ ಓಡಾಡಲ್ಲ. ಕುರಿಗಳನ್ನ ಸರದಿ ಮೇಲೆ ಬಿಡೋಣ."

ಯಾರೋ ಹಿಂದಿನಿಂದ, ಗಿಡ ನೆಡಬೇಡಿ ಅನ್ನೋರನ್ನ ಇವತ್ತೇ ನೋಡಿದ್ದು ಎಂದರು. ಸಭೆ ನಕ್ಕಿತು. ಅಪ್ಪನಿಗೆ ಮೇಡಂ ಹೇಳಿದ್ದು ಕೇಳಿಸಿರಲಿಲ್ಲ. ನಾನು ಅವನ ಕಿವಿಯ ಹತ್ತಿರ ಬಾಯಿ ಇಟ್ಟು ಒಂದೊಂದೇ ಮಾತು ಕೂಗಿದೆ. ಅವನು ಸ್ವಲ್ಪ ಯೋಚಿಸಿ, "ಮರ ಇದ್ರೆ ಹಕ್ಕಿ ಜಾಸ್ತಿ ಬರ್ತವಮ್ಮ. ಇದು ಸಣ್ಣ ಮಕ್ಕಳಿಗೂ ಗೊತ್ತು" ಎಂದ. ಅದು ಇಡೀ ಸಭೆಗೆ ಕೇಳಿಸಿತು. ಬಯಲಿಗಾಗಿ ಓಡಾಡಿದ ಯಜಮಾನರೇ ಹೇಳಿದ ಮೇಲೆ ಇನ್ನೇನು? ಮೇಡಂ ಮೆಲ್ಲಗೆ ಕೂತುಬಿಟ್ಟರು. ನನಗೂ ಅಪ್ಪನ ಮಾತೇ ಸರಿ ಎನಿಸಿತ್ತು. ಮರ ಕೆಟ್ಟದ್ದು ಮಾಡುತ್ತದೆ ಎಂದು ಯಾರಾದರೂ ಹೇಗೆ ನಂಬುವುದು?

ಸಸಿ ನೆಡುವ ದಿನ ಸಿಟಿಯಿಂದ ಬಸ್ಸುಗಳಲ್ಲಿ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡ ಜನ ಬಂದರು. ಗೇಟಿನ ಹತ್ತಿರದ ಮೊದಲ ಗುಂಡಿಗೆ ಹೊಂಗೆ ಸಸಿ ಇಡಿಸಿ, ಅಪ್ಪನ ಕೈಯಿಂದಲೇ ಮಣ್ಣು ಹಾಕಿಸಿದರು. ಅವನಿಗೆ ಶಾಲು ಹೊದಿಸಿದರು. ಅಲ್ಲಿಂದಾಚೆಗೆ ಪ್ರತಿ ಅಮಾವಾಸ್ಯೆ ನಮ್ಮ ಸಾಮಾನಿನ ಜೊತೆ ಒಂದು ನೀರಿನ ಕ್ಯಾನೂ ಸೇರಿಕೊಂಡಿತು. ಮೊದಲು ಹೊಂಗೆಗೆ ನೀರು, ಆಮೇಲೆ ಹಕ್ಕಿ.

ಗಿಡಗಳು ಚೆನ್ನಾಗಿ ಹತ್ತಿದವು. ಅಷ್ಟು ಚೆನ್ನಾಗಿ ಹತ್ತಿದ್ದೇ ಆಮೇಲೆ ನನಗೆ ಭಯ ಹುಟ್ಟಿಸಿತು. ಮೊದಲ ಮಳೆಗಾಲದಲ್ಲಿ ಹುಲ್ಲು ಮೊಣಕಾಲಿಗೆ ಬಂತು, ಮುಂದಿನದರಲ್ಲಿ ಸೊಂಟಕ್ಕೆ. ಬೇಸಿಗೆಯಲ್ಲಿ ಅದು ಒಣಗಿ ಮಲಗಿಕೊಂಡು, ಅದರ ಮೇಲೆ ಹೊಸದು ಎದ್ದು, ನೆಲ ಎನ್ನುವುದೇ ಕಾಣದಾಯಿತು. ಬೇಲಿಯ ಮಗ್ಗುಲಿನಿಂದ ಲಂಟಾನದ ಪೊದೆ ಒಳಗೆ ತೆವಳಿತು. ಐದಾರು ವರ್ಷದಲ್ಲಿ ಸಸಿಗಳು ಮರಗಳೇ ಆದವು. ಕುರಿ ಕಾಯುವ ಮನುಷ್ಯನೊಬ್ಬ ಗೇಟಿನ ಆಚೆ ನಿಂತು, "ಏನ್ ಯಜಮಾನ್ರೇ, ನಾವು ಹೊರಗಿನೋರಾದ್ವಾ" ಎಂದು ಕೇಳಿದ. ಅಪ್ಪನಿಗೆ ಕೇಳಿಸಲಿಲ್ಲ. ನಾನು ಹೇಳಲೂ ಇಲ್ಲ. ಸಿಟಿಯವರು ಬಂದು ಫೋಟೊ ಹಿಡಿದುಕೊಂಡು, ಎಷ್ಟು ಹಸಿರಾಗಿದೆ, ಎಷ್ಟು ತಂಪು ಎಂದು ಹೋಗುತ್ತಿದ್ದರು. ನಿಜ, ತಂಪಾಗಿತ್ತು. ಆದರೆ ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುತ್ತಿರಲಿಲ್ಲ. ಹುಲ್ಲಿನೊಳಗೆ ಏನೋ ಸರಿದಂತಾದರೆ ಬೀದಿ ನಾಯಿಗಳು ತಲೆ ಎತ್ತಿ ನಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದವು. ನಾನು ಹುಟ್ಟಿದಾಗಿನಿಂದ ಕಂಡ ಜಾಗದಲ್ಲಿ ಮೊದಲ ಸಲ ಹಿಂದೆ ತಿರುಗಿ ತಿರುಗಿ ನೋಡುತ್ತಾ ನಡೆದೆ.

ಕೂಗು ಒಂದೇ ದಿನ ನಿಲ್ಲಲಿಲ್ಲ. ಮೊದಲು ಬಂಡೆಯ ಮೇಲಿನದು ಹೋಯಿತು. ಆಮೇಲೆ ಕಲ್ಲುಕುಪ್ಪೆ ಇರುವ ಆ ಕೊನೆಯ ಮೂಲೆಯಲ್ಲಿ ಮಾತ್ರ ಉಳಿಯಿತು, ಅಲ್ಲಿ ಗುಂಡಿ ತೋಡಲು ಆಗಿರಲಿಲ್ಲ. ಅಪ್ಪನನ್ನು ಕೈ ಹಿಡಿದು ಆ ಮೂಲೆಯವರೆಗೆ ನಡೆಸಿಕೊಂಡು ಹೋಗುತ್ತಿದ್ದೆ. ಒಂದು ಯುಗಾದಿ ಅಮಾವಾಸ್ಯೆ ಅಲ್ಲಿಯೂ ಏನೂ ಇರಲಿಲ್ಲ.

"ಕೂಗ್ತೈತೇನಮ್ಮಾ?"

"ಇವತ್ತು ಗಾಳಿ ಜಾಸ್ತಿ ಅಪ್ಪಾ."

ಗಾಳಿ ಜಾಸ್ತಿಯೇ ಇತ್ತು. ಮುಂದಿನ ಅಮಾವಾಸ್ಯೆಗೆ ಗಾಳಿ ಇರಲಿಲ್ಲ. ಮಳೆ ಬಿದ್ದಿಲ್ಲವಲ್ಲ ಎಂದೆ. ಅದರ ಮುಂದಿನದಕ್ಕೆ ಮಳೆಯೂ ಬಿದ್ದಿತ್ತು, ಹುಲ್ಲು ತೊಟ್ಟಿಕ್ಕುತ್ತಿತ್ತು, ಬಿಸಿಲು ಬಂದಿತ್ತು, ಹಕ್ಕಿ ಮೇಲೇಳಲು ಅದಕ್ಕಿಂತ ಒಳ್ಳೆಯ ಹೊತ್ತಿರಲಿಲ್ಲ. ನಾನು ಉಸಿರು ಬಿಗಿಹಿಡಿದು ನಿಂತೆ. ಗೊರವಂಕಗಳ ಗಲಾಟೆ ಇತ್ತು, ಕಾಗೆ ಇತ್ತು. ವಿಮಾನವೊಂದು ಹೋಗಿ, ಅದರ ಗುಡುಗು ಅಡಗಿದ ಮೇಲೆ ಕಾಗೆಯೂ ಸುಮ್ಮನಾಯಿತು. ಆಗ ಉಳಿದ ನಿಶ್ಶಬ್ದ ನನಗೆ ಅಭ್ಯಾಸವಿದ್ದ ಅಮಾವಾಸ್ಯೆಯ ನಿಶ್ಶಬ್ದವಾಗಿರಲಿಲ್ಲ.

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಅವನ ಮುಖದಲ್ಲಿ ನಗು ಬಂತು. "ನಿನ್ ಕಿವೀನೂ ಹೋಯ್ತೇನಮ್ಮಾ? ಮಗ್ಗದ ಮನೇಲಿ ಹುಟ್ಟಿದ್ಮೇಲೆ ಅಷ್ಟೇ ಬಿಡು" ಎಂದ. ಬೇಜಾರಿನಿಂದ ಹೇಳಿದ್ದಲ್ಲ, ಎಷ್ಟೋ ಹಗುರಾದವನ ಹಾಗೆ ಹೇಳಿದ. ನನ್ನ ಬೆನ್ನು ತಟ್ಟಿ, ಮೂಲೆಯ ಕಡೆ ತಿರುಗಿ ಎಂದಿನಂತೆ ಕಣ್ಣು ಮುಚ್ಚಿ ನಿಂತ.

ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ, ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹೌದಲ್ಲ, ನನ್ನ ಕಿವಿ! ನಮ್ಮ ಬೀದಿಯಲ್ಲಿ ಏನೇ ಕೇಳಿಸದಿದ್ದರೂ ಮೊದಲು ಬೈಯುವುದು ಕಿವಿಯನ್ನೇ. ಬಾಗಿಲು ಬಡಿದದ್ದು ಕೇಳಲಿಲ್ಲ, ಕಿವಿ. ಮಗು ಅತ್ತದ್ದು ಕೇಳಲಿಲ್ಲ, ಕಿವಿ. ಎದುರಿಗೆ ಸದ್ದೇ ಇಲ್ಲದಿರಬಹುದು ಎಂಬ ಅನುಮಾನ ನಮ್ಮಂಥವರಿಗೆ ಬರುವುದೇ ಇಲ್ಲ. ಅವತ್ತಿನಿಂದ ನಾನು ಕಿವುಡಿ ಎನ್ನುವುದಕ್ಕೆ ಸಾಕ್ಷಿ ಕೂಡಿಸತೊಡಗಿದೆ. ಕುಕ್ಕರ್ ಕೂಗಿದ್ದು ಗೊತ್ತಾಗದೆ ಬೇಳೆ ಸೀದರೆ ಒಳಗೊಳಗೇ ಖುಷಿ. ಗಂಡ ಕರೆದರೆ ಎರಡು ಸಲ ಏನು ಎಂದು ಕೇಳುತ್ತಿದ್ದೆ. "ಮದುವೆ ಆದಾಗಿನಿಂದ ನಿನಗೆ ನಾನ್ ಹೇಳಿದ್ದು ಕೇಳ್ಸಿಲ್ಲ, ಈಗೇನ್ ಹೊಸದು" ಎಂದು ಅವನು ಬೈದ. ಸೊಳ್ಳೆ ಕಿವಿಯ ಹತ್ತಿರ ಗುಂಯ್ ಎಂದದ್ದು ಚೆನ್ನಾಗಿಯೇ ಕೇಳುತ್ತಿತ್ತು. ಅದನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕಾಲೇಜಿನ ಮೇಡಂಗೆ ಅಷ್ಟರಲ್ಲಿ ಬೇರೆ ಜಿಲ್ಲೆಗೆ ವರ್ಗವಾಗಿತ್ತು. ಭೀಮನ ಅಮಾವಾಸ್ಯೆ ಹತ್ತಿರ ಬಂದಾಗ ತಡೆಯಲಾರದೆ ಅವರಿಗೆ ಫೋನ್ ಮಾಡಿದೆ. ಆ ಅಮಾವಾಸ್ಯೆ ದಾಟಿದರೆ ಹಕ್ಕಿ ಹಾಡುವ ಕಾಲವೇ ಮುಗಿಯುತ್ತಿತ್ತು. ಎಲ್ಲಾ ಹೇಳಿದೆ. ನಾನು ಹೇಳಿರಲಿಲ್ಲವೇ ಎಂದು ಅವರು ಒಂದು ಮಾತು ಅಂದಿದ್ದರೆ ನಾನೂ ಜಗಳ ಮಾಡಿ ಹಗುರಾಗುತ್ತಿದ್ದೆ. ಅವರು ಹಾಗೆ ಅನ್ನಲಿಲ್ಲ.

"ಮೊದಲು ನಿಮ್ಮ ಕಿವಿ ಪರೀಕ್ಷೆ ಮಾಡಿಸಿ" ಎಂದರು. "ಆ ಹಕ್ಕಿ ದನಿ ತುಂಬಾ ಸಣ್ಣದು. ನಿಮಗೆ ಕಿವಿ ಸರಿ ಇಲ್ಲ ಅಂತಾದರೆ, ಹಕ್ಕಿ ಇನ್ನೂ ಇರಬಹುದು."

ಸರಿ ಇದೆ ಅಂತಾದರೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೀಗೆ ನಾನು ಆ ಕಬ್ಬಿಣದ ಬೆಂಚಿಗೆ ಬಂದು ಕೂತಿದ್ದು. ಒಳಗೆ ಒಂದು ಪುಟ್ಟ ಪೆಟ್ಟಿಗೆಯಂಥ ಕೋಣೆ, ಗೋಡೆಗೆಲ್ಲಾ ಮೆತ್ತೆ. ಪರೀಕ್ಷೆ ಮಾಡುವ ಹುಡುಗಿ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು, "ಎಷ್ಟೇ ಸಣ್ಣ ಸದ್ದು ಬಂದ್ರೂ ಒತ್ತಿ ಮೇಡಂ" ಎಂದು ಬಾಗಿಲು ಹಾಕಿದಳು. ಅಷ್ಟು ನಿಶ್ಶಬ್ದದಲ್ಲಿ ನಾನು ಹುಟ್ಟಿದ ಮೇಲೆ ಕೂತವಳಲ್ಲ. ನನ್ನ ಎದೆಯ ಬಡಿತವೇ ಲಾಳಿಯ ಹಾಗೆ ಕೇಳುತ್ತಿತ್ತು. ಮೊದಲು ದಪ್ಪ ದನಿಗಳು ಬಂದವು, ಒತ್ತಿದೆ. ಇನ್ನು ಸಣ್ಣವು ಬರುತ್ತವೆ, ಅವು ಕೇಳದಿರಲಿ, ಕೇಳದಿರಲಿ ಎಂದುಕೊಳ್ಳುತ್ತಾ ಕೂತೆ. ಆಗ ಎಲ್ಲೋ ದೂರದಲ್ಲಿ, ತಲೆಯ ಮೇಲ್ಗಡೆ ಎಲ್ಲೋ, ಸೂಜಿ ಮೊನೆಯಂಥ ಒಂದು ದನಿ ಎದ್ದಿತು. ಬಂತು, ಎಂದುಕೊಂಡೆ. ಒಂದು ಕ್ಷಣ ನಿಜವಾಗಿಯೂ ಬಂತು ಎಂದೇ ತಿಳಿದು ತಲೆ ಎತ್ತಿದೆ. ಮೇಲೆ ತೂತು ತೂತಿನ ಬಿಳಿ ಹಲಗೆ. ನನ್ನ ಬೆರಳು ಆಗಲೇ ಗುಂಡಿ ಒತ್ತಿತ್ತು. ಅದಕ್ಕಿಂತ ಸಣ್ಣದು ಬಂತು, ಅದೂ ಕೇಳಿತು. ಅದಕ್ಕಿಂತಲೂ ಸಣ್ಣದು. ಒತ್ತುತ್ತಾ ಹೋದೆ, ಕಣ್ಣಿನಲ್ಲಿ ನೀರು ಇಳಿಯುತ್ತಾ ಹೋಯಿತು.

ಹುಡುಗಿ ಬಾಗಿಲು ತೆಗೆದು ಗಾಬರಿಯಾದಳು. "ಯಾಕ್ ಮೇಡಂ, ತುಂಬಾ ಚೆನ್ನಾಗಿದೆ. ಮಗ್ಗದ ಮನೆಯವರದ್ದು ಇಂಥ ಕಿವಿ ನಾನ್ ನೋಡೇ ಇಲ್ಲ. ಏನಾದ್ರೂ ಹಾಕ್ಕೊಂತಿದ್ರಾ ಕಿವಿಗೆ?"

"ಹತ್ತಿ" ಎಂದೆ. "ನಮ್ಮಮ್ಮ ಇಡ್ತಿದ್ಲು."

"ಪುಣ್ಯಾತ್ಗಿತ್ತಿ ನಿಮ್ಮಮ್ಮ" ಎಂದಳು ಹುಡುಗಿ.

ಬಸ್ ಸ್ಟ್ಯಾಂಡಿನಲ್ಲಿ ನಿಂತು, ಸತ್ತು ಎಷ್ಟೋ ವರ್ಷವಾದ ಆ ಪುಣ್ಯಾತ್ಗಿತ್ತಿಯ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಮಾರನೆಯ ದಿನ ಭೀಮನ ಅಮಾವಾಸ್ಯೆ. ಬೆಳಗ್ಗೆ ಗಂಡನ ಪೂಜೆ ಮುಗಿಸಿ ಅಪ್ಪನ ಮನೆಗೆ ಹೋದೆ. ಬೀದಿಯಲ್ಲಿ ಮಗ್ಗಗಳೆಲ್ಲಾ ನಿಂತಿದ್ದವು. ಎಲ್ಲೋ ಯಾರೋ ಪಾತ್ರೆ ತೊಳೆಯುವುದೂ ಕೇಳುತ್ತಿತ್ತು. ಅಪ್ಪ ಮಗ್ಗಗಳಿಗೆ ಹೂ ಹಾಕಿ ಮುಗಿಸಿ, ಒಗೆದ ಅಂಗಿ ತೊಟ್ಟು, ನೀರಿನ ಕ್ಯಾನು ಪಕ್ಕದಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದ.

"ಏನಂದ್ರಮ್ಮಾ ಆಸ್ಪತ್ರೇಲಿ?"

ಸುಳ್ಳು ಹೇಳಬಹುದಿತ್ತು. ದಾರಿಯುದ್ದಕ್ಕೂ ಒಂದು ಸುಳ್ಳನ್ನು ತಯಾರು ಮಾಡಿಕೊಂಡೇ ಬಂದಿದ್ದೆ. ಆದರೆ ಅಪ್ಪ ಮುಖ ಎತ್ತಿ ನನ್ನ ತುಟಿಗಳನ್ನು ನೋಡುತ್ತಿದ್ದ. ಇಷ್ಟು ವರ್ಷ ನನ್ನ ತುಟಿಯ ಮೇಲೆ ಬಂದದ್ದನ್ನೇ ಅವನು ಹಕ್ಕಿ ಎಂದು ನಂಬಿದ್ದ. ಆ ಮುಖಕ್ಕೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಚೆನ್ನಾಗೈತಂತೆ ಅಪ್ಪಾ" ಎಂದು ಕೂಗಿದೆ. ಆ ನಿಶ್ಶಬ್ದದಲ್ಲಿ ಇಡೀ ಬೀದಿಗೆ ಕೇಳಿಸಿರಬೇಕು. "ನನ್ ಕಿವಿಗೆ ಏನೂ ಆಗಿಲ್ವಂತೆ."

"ಒಳ್ಳೇದಾಯ್ತು ಬಿಡಮ್ಮಾ" ಎಂದ. ಅವನಿಗೆ ನಿಜವಾಗಿ ಸಂತೋಷವಾಯಿತು. "ನಿಮ್ಮಮ್ಮ ಹೇಳ್ತಿದ್ಲು ನೋಡು, ಹತ್ತಿ ಹತ್ತಿ ಅಂತ. ಅವಳ ಮಾತು ನಾನೊಬ್ಬ ಕೇಳ್ಲಿಲ್ಲ..."

ಅಲ್ಲಿಗೆ ನಿಂತ. ಕ್ಯಾನು ಎತ್ತಿಕೊಳ್ಳಲು ಚಾಚಿದ್ದ ಕೈ ಹಾಗೆಯೇ ಇತ್ತು. ನಿಧಾನವಾಗಿ ನನ್ನ ಕಡೆ ತಿರುಗಿದ.

"ಪೂರಾ ಕೇಳ್ಸುತ್ತಾ ನಿಂಗೆ? ಸಣ್ಣ ಸದ್ದೂವೆ?"

"ಪೂರಾ ಅಪ್ಪಾ."

ಅವನು ಹಕ್ಕಿಯ ಹೆಸರನ್ನು ಎತ್ತಲಿಲ್ಲ. "ಆ ಹೊಂಗೆ ಮರ್ದಾಗೆ ಕಾಗೆ ಗೂಡು ಕಟ್ಟಿತ್ತಲ್ಲ" ಎಂದ. ನಾನು ಹೂಂ ಎಂದೆ. ಹೋದ ಅಮಾವಾಸ್ಯೆ ಅವನೇ ಅದನ್ನು ನನಗೆ ಬೆರಳು ಮಾಡಿ ತೋರಿಸಿ ಹಿಗ್ಗಿದ್ದ. "ಅದಕ್ಕೆ ನಾನೇ ನೀರ್ ಹೊತ್ನಲ್ಲಮ್ಮಾ" ಎಂದ. ಅಷ್ಟು ಮೆಲ್ಲಗೆ ಅಪ್ಪ ಮಾತಾಡಿದ್ದು ನಾನು ಕೇಳಿರಲಿಲ್ಲ. ಮಾತಾಡಲು ಬರುತ್ತದೆಂದೂ ತಿಳಿದಿರಲಿಲ್ಲ.

ಕ್ಯಾನಿನ ನೀರನ್ನು ಜಗಲಿಯ ಕೆಳಗೆ ಚರಂಡಿಗೆ ಸುರಿದ. ಎದ್ದು ಒಳಗೆ ಹೋದ. ಮಲಗಲು ಹೋದನೇನೋ ಎಂದುಕೊಂಡು ನಾನು ಹಿಂದೆಯೇ ಹೋದೆ. ಅವನು ಮಗ್ಗದ ಮುಂದೆ ನಿಂತಿದ್ದ. ಬೆಳಗ್ಗೆ ತಾನೇ ಹಾಕಿದ್ದ ಚೆಂಡು ಹೂವಿನ ಹಾರವನ್ನು ತೆಗೆದು ಮೊಳೆಗೆ ಸಿಕ್ಕಿಸಿದ. ಆಮೇಲೆ ಗೋಡೆಯ ಕಡೆ ಕೈ ಚಾಚಿ ಸ್ವಿಚ್ಚು ಒತ್ತಿದ.

ಲಾಳಿ ಓಡಿತು. ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಮಗ್ಗ ಬಡಿದದ್ದು ಅದೇ ಮೊದಲು. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಎದುರು ಮನೆಯವರು ಕೈಯಲ್ಲಿ ಆರತಿ ತಟ್ಟೆ ಹಿಡಿದುಕೊಂಡೇ ಬಂದು ನಿಂತರು. ಯಾರೂ ಒಳಗೆ ಬರಲಿಲ್ಲ. ಅಪ್ಪ ಯಾರ ಕಡೆಗೂ ನೋಡದೆ, ನೂಲು ಕಡಿಯುತ್ತದೋ ಎಂದು ಕಾಯುವವನ ಹಾಗೆ ಮಗ್ಗದ ಮೇಲೆ ಬಾಗಿದ್ದ.

ಅಮ್ಮನ ಹತ್ತಿ ಡಬ್ಬಿ ಗೂಡಿನಲ್ಲಿ ನನ್ನ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ನಾನು ಅದನ್ನು ತೆಗೆದುಕೊಳ್ಳಲಿಲ್ಲ. ಅಪ್ಪನ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು, ಬರಿಯ ಕಿವಿಯಲ್ಲಿ, ಸಂಜೆಯವರೆಗೆ ಕೂತಿದ್ದೆ.